ಊರು ಬಿಡಿಸುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಿಂದ ಹೊರಟು ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆ ನಿಂತ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,



ಯುಗಾದಿ ಮುಗಿದು ಶಾಲೆಗೆ ಸೂಟಿ ಬಿಟ್ಟಿತೆಂದರೆ ನೀವೆಲ್ಲ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತೀರಿ. ಎರಡು ದಿನ ಜಾತ್ರೆ, ಬೀಗರ ಮನೆ, ಮಾವಿನಹಣ್ಣು ಎಂದು ಕಳೆಯುತ್ತದೆ. ಆಮೇಲೊಂದು ರಾತ್ರಿ, ಊಟ ಮುಗಿಸಿ ಕಟ್ಟೆಯ ಮೇಲೆ ಕೂತಾಗ, ಆ ಮಾತು ಬಂದೇ ಬರುತ್ತದೆ: ‘ಈ ಸಲ ಅಪ್ಪ-ಅವ್ವನ್ನ ಕರಕೊಂಡ ಹೋಗೂದ.’ ಬೈಲಹೊಂಗಲದ ಸುತ್ತಮುತ್ತ ಕನ್ನಡ ಸಾಲಿ ಅಕ್ಕೋರಾಗಿ ದುಡಿದು ನಿವೃತ್ತಳಾದವಳು ನಾನು. ಪಿಂಚಣಿಯ ಅರ್ಜಿ, ವಾಟ್ನಿ ಪತ್ರ, ಬ್ಯಾಂಕಿನ ನೋಟಿಸು ಓದಿ ಹೇಳಿ ಎಂದು ನನ್ನ ಮನೆಗೆ ಬರುವವರು ಬಹಳ. ಹೀಗಾಗಿ ಇಂಥ ರಾತ್ರಿಗಳ ಮಾತು, ಅದಾದ ಮೇಲೆ ಏನಾಯಿತು ಎಂಬುದು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಈ ವರ್ಷ ನೀವು ಆ ಮಾತು ತೆಗೆಯುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ.

ಕರೆದುಕೊಂಡು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಎಪ್ಪತ್ತೈದು ದಾಟಿದ ಇಬ್ಬರು ಮಣ್ಣಿನ ಮಾಳಿಗೆ ಮನೆಯಲ್ಲಿ, ರಾತ್ರಿ ಹಿತ್ತಲಿನ ಕತ್ತಲಲ್ಲಿ ಪಾಯಿಖಾನೆಗೆ ನಡೆಯುತ್ತ, ಎದೆ ನೋವು ಬಂದರೆ ಯಾರದೋ ಟಂಟಂ ಹಿಡಿದು ತಾಲ್ಲೂಕಿನ ಊರಿಗೆ ಓಡುತ್ತ ಇರುವುದನ್ನು ನೆನೆದು ನಿಮಗೆ ನಿದ್ದೆ ಹತ್ತದಿದ್ದರೆ ಅದು ನಿಮ್ಮ ಅಂತಃಕರಣ. ನನ್ನ ಮಾತು ಇಷ್ಟೇ: ಅವರಿಗೆ ಮನೆ ನೋಡುವ ಮೊದಲು ಅವರ ಹಗಲನ್ನು ನೋಡಿ. ಬೆಳಗಿನಿಂದ ಸಂಜೆಯವರೆಗೆ ಅವರು ಏನು ಮಾಡುತ್ತಾರೆ, ಯಾರು ಅವರನ್ನು ಹುಡುಕಿಕೊಂಡು ಬರುತ್ತಾರೆ, ಯಾವ ಕೆಲಸಕ್ಕೆ ಅವರೇ ಬೇಕು ಎಂಬುದನ್ನು ತಿಳಿದುಕೊಳ್ಳಿ. ಹೊಸ ಜಾಗದಲ್ಲಿ ಆ ಹಗಲಿನ ಅರ್ಧದಷ್ಟಾದರೂ ಅವರಿಗೆ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಸಿಗುತ್ತದೆ ಎಂದರೆ ಕರೆದೊಯ್ಯಿರಿ. ಇಲ್ಲ ಎಂದರೆ, ಎಷ್ಟು ದೊಡ್ಡ ಮನೆಯಾದರೂ ತಡೆಯಿರಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಬುದ್ಧಿಯಲ್ಲ. ಮಲಪ್ರಭೆ ದಂಡೆಯ ನಮ್ಮ ಜನ ಪೆಟ್ಟು ತಿಂದು ಕಲಿತದ್ದು.

ಎಪ್ಪತ್ತರ ದಶಕದಲ್ಲಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ನದಿಗೆ ಅಣೆಕಟ್ಟು ಎದ್ದಿತು. ನಾವು ಇಂದು ರೇಣುಕಾ ಸಾಗರ ಎಂದು ಕರೆಯುವ, ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯದ ತಳದಲ್ಲಿ ನಮ್ಮವರ ಹೊಲಗಳಿವೆ, ಮನೆಗಳ ಪಾಯಗಳಿವೆ. ಇಲ್ಲಿಯ ಎರಿ ಹೊಲ ಮುಳುಗಿತು, ನೀರು ಕಾಲುವೆ ಹಿಡಿದು ನರಗುಂದ, ನವಲಗುಂದದ ಕಡೆ ಹರಿಯಿತು. ಆಗ ಊರು ಬಿಟ್ಟ ಹಿರಿಯರಲ್ಲಿ ಕೆಲವರನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡಿದ್ದೇನೆ. ಪರಿಹಾರದ ಹಣ ಕಡಿಮೆಯಾಯಿತು ಎಂಬ ಸಿಟ್ಟು ಅವರಿಗಿತ್ತು. ಆದರೆ ಮಾತಿಗೆ ಕೂತರೆ ಹಣದ ಸುದ್ದಿ ಬೇಗ ಮುಗಿಯುತ್ತಿತ್ತು. ಯಾರ ಹೊಲದ ಬದುವಿನಲ್ಲಿ ಯಾವ ಮರ ಇತ್ತು, ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು, ಮೊಹರಮ್ಮಿನಲ್ಲಿ ಡೋಲಿ ಯಾರ ಮನೆಯ ಮುಂದೆ ನಿಲ್ಲುತ್ತಿತ್ತು, ಇದನ್ನೇ ಹೇಳುತ್ತಿದ್ದರು. ಹೊಸ ಊರಿನಲ್ಲಿ ಹತ್ತು ವರ್ಷ ಕಳೆದಿದ್ದರೂ, ಅಲ್ಲಿ ಯಾರೂ ತಮ್ಮನ್ನು ಏನೂ ಕೇಳುವುದಿಲ್ಲ ಎಂಬುದೇ ಅವರ ಕೊರಗು.

ಆಮೇಲೆ 2009. ಸೆಪ್ಟೆಂಬರ್ ಕೊನೆಯಲ್ಲಿ ಹತ್ತಿದ ಮಳೆ ಅಕ್ಟೋಬರಿಗೂ ಬಿಡಲಿಲ್ಲ. ಹೊಳೆಯ ಕೆಳಗಿನ ರಾಮದುರ್ಗ ತಾಲ್ಲೂಕಿನಿಂದ ಬಾದಾಮಿ, ನರಗುಂದ, ರೋಣದವರೆಗೆ ಮಣ್ಣಿನ ಮನೆಗಳು ನೆನೆದು ಕುಸಿದವು. ಸರ್ಕಾರ ‘ಆಸರೆ’ ಯೋಜನೆ ತಂದಿತು. ಎತ್ತರದ ಜಾಗದಲ್ಲಿ ಹೊಸ ಊರುಗಳು ಎದ್ದವು. ದಾನಿಗಳು, ಮಠಗಳು, ಕಂಪನಿಗಳು ಮುಂದೆ ಬಂದು ಮನೆ ಕಟ್ಟಿಸಿಕೊಟ್ಟರು. ಒಳ್ಳೆಯ ಮನಸ್ಸಿನ ಕೆಲಸ ಅದು, ಅದರಲ್ಲಿ ನನಗೆ ಸಂಶಯವಿಲ್ಲ. ಸಾಲಾಗಿ ನಿಂತ ಒಂದೇ ಅಳತೆಯ ಮನೆಗಳು, ಮುಂದೆ ಒಂದು ಕೋಣೆ, ಅಡುಗೆಗೆ ಇಷ್ಟು, ಮಲಗಲು ಇಷ್ಟು. ಎತ್ತು ಎಲ್ಲಿ ಕಟ್ಟಬೇಕು? ಕಣಿಕೆ ಎಲ್ಲಿ ಒಟ್ಟಬೇಕು? ಸುಗ್ಗಿಯ ಜೋಳದ ಚೀಲ, ಕುಂಟಿ, ಕೂರಿಗೆ ಎಲ್ಲಿಡಬೇಕು? ಹೊಲ ಮಾತ್ರ ಹಳೆಯ ಊರಿನ ಹತ್ತಿರವೇ ಉಳಿಯಿತು. ಎಷ್ಟೋ ಕಡೆ ಜನ ಹೊಸ ಮನೆಗೆ ಬೀಗ ಹಾಕಿ ಹಳೆಯ ಊರಿಗೆ ಮರಳಿದರು. ಹೊಸ ಮನೆಯಲ್ಲಿ ಜಾಲಿಮುಳ್ಳು ಬೆಳೆಯಿತು, ಇಲ್ಲವೇ ಹೊಟ್ಟು ತುಂಬಿತು.

2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಜಲಾಶಯ ತುಂಬಿ ನೀರು ಬಿಟ್ಟಾಗ ಮುನವಳ್ಳಿಯಿಂದ ಹಿಡಿದು ರಾಮದುರ್ಗ ಪಟ್ಟಣದವರೆಗೆ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಮರಳಿ ಹೋದವರೇ ಮತ್ತೆ ಮುಳುಗಿದರು. ಟಿವಿಯಲ್ಲಿ ನೋಡಿದ ಊರ ಹೊರಗಿನವರು ‘ಮನೆ ಕಟ್ಟಿಸಿಕೊಟ್ಟರೂ ಈ ಜನ ಯಾಕೆ ಹೋಗಲಿಲ್ಲ’ ಎಂದು ಕೇಳಿದರು. ಆಸರೆಯ ಮನೆಗಳನ್ನು ರಾತ್ರಿ ಮಲಗುವುದಕ್ಕೆ ಕಟ್ಟಿದ್ದರು. ಅಲ್ಲಿ ಹಗಲು ಕಳೆಯುವುದಕ್ಕೆ ರೈತನಿಗೆ ಏನೂ ಇರಲಿಲ್ಲ. ನೀವು ಬೆಂಗಳೂರಿನ ಮೂರನೆಯ ಅಂತಸ್ತಿನಲ್ಲಿ ಅವ್ವನಿಗಾಗಿ ಸಜ್ಜು ಮಾಡಿಟ್ಟ ಕೋಣೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ಶುಚಿಯಾಗಿದೆ, ಗಾಳಿ ಬೆಳಕು ಇದೆ, ಪಕ್ಕದಲ್ಲೇ ಬಚ್ಚಲು ಇದೆ. ಬೆಳಿಗ್ಗೆ ಎಂಟಕ್ಕೆ ನೀವು, ನಿಮ್ಮ ಮನೆಯವರು, ಮಕ್ಕಳು ಹೊರಟುಹೋದ ಮೇಲೆ ಅವಳು ಏನು ಮಾಡಬೇಕು?

ಅವಳ ಇಲ್ಲಿನ ಹಗಲನ್ನು ಒಮ್ಮೆ ನೋಡಿ. ಸೂಟಿಗೆ ಬಂದಾಗ ನೀವು ಏಳುವ ಹೊತ್ತಿಗೆ ಅದು ಅರ್ಧ ಮುಗಿದಿರುತ್ತದೆ, ಆದ್ದರಿಂದ ಒಂದು ದಿನ ಅವಳ ಜೊತೆಗೇ ಎದ್ದು ನೋಡಿ. ಅಂಗಳ ಕಸ ಹೊಡೆದು, ಸೆಗಣಿ ನೀರು ಚಳೆ ಕೊಟ್ಟು, ಹೊಸ್ತಿಲಿಗೆ ರಂಗೋಲಿ ಎಳೆಯುತ್ತಾಳೆ. ಒಲೆ ಹೊತ್ತಿಸಿ, ಪರಾತದಲ್ಲಿ ಹಿಟ್ಟಿಗೆ ಕುದಿಯುವ ಎಸರು ಹಾಕಿ, ನಾದಿ, ರೊಟ್ಟಿ ಬಡಿಯಲು ಕೂರುತ್ತಾಳೆ. ಅಂಗೈಯ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಆ ಸಪ್ಪಳ ಒಂದು ದಿನ ಇಲ್ಲವೆಂದರೆ ಎದುರು ಮನೆಯವಳು ‘ಯಾಕಬೇ, ಅರಾಮ ಇಲ್ಲೇನ?’ ಎಂದು ಒಳಗೆ ಬರುತ್ತಾಳೆ. ಹತ್ತು ಗಂಟೆಗೆ ಮಜ್ಜಿಗೆಗೆ ಒಬ್ಬರು, ಹೆಪ್ಪಿಗೆ ಒಬ್ಬರು. ಬಾಣಂತಿಗೆ ಯಾವ ಔಷಧ ಅರೆದು ಕೊಡಬೇಕು ಎಂದು ಕೇಳಲು ಯಾರದೋ ಸೊಸೆ. ಮಧ್ಯಾಹ್ನ ಬಿತ್ತನೆಗೆಂದು ಶೇಂಗಾ ಒಡೆಯುತ್ತ ನಾಲ್ಕು ಜನ ಕೂರುತ್ತಾರೆ, ಅಲ್ಲಿ ಇಡೀ ಊರಿನ ಕಥೆ ಹೊರಬೀಳುತ್ತದೆ. ಸೌತೆ, ಅವರೆ, ಹೀರೆಯ ಬೀಜಕ್ಕೆ ಬೂದಿ ಹಚ್ಚಿ ಒಣಗಿಸಿ ಗಂಟು ಕಟ್ಟಿ ನ್ಯಾಗೊಂದಿಯ ಮೇಲೆ ಇಟ್ಟಿರುತ್ತಾಳೆ. ಬಿತ್ತುವ ಹೊತ್ತಿಗೆ ಓಣಿಯವರು ಬಂದು ಒಂದು ಹಿಡಿ ಒಯ್ಯುತ್ತಾರೆ. ಆ ಗಂಟುಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಅವಳೊಬ್ಬಳಿಗೇ ಗೊತ್ತು.

ಅಪ್ಪನದೂ ಹಾಗೆಯೇ. ಹೊಲವನ್ನು ಲಾವಣಿಗೆ ಕೊಟ್ಟು ವರ್ಷಗಳಾಗಿರಬಹುದು. ಆದರೂ ದಿನಕ್ಕೊಮ್ಮೆ ಬದುವಿನ ಮೇಲೆ ಅಡ್ಡಾಡಿ ಬರದಿದ್ದರೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಚಹಾದಂಗಡಿಯಲ್ಲಿ ಪೇಪರಿನ ಹತ್ತಿ ದರ, ಕಡಲೆ ದರ ಓದಿ ಹೇಳುವವರು ಅವರೇ. ಬದುವಿನ ಜಗಳ ಬಂದರೆ ಕಲ್ಲು ಎಲ್ಲಿ ಇತ್ತು ಎಂದು ಸಾಕ್ಷಿ ಹೇಳುವವರು ಅವರೇ. ಸೋಮವಾರದ ಭಜನೆಯಲ್ಲಿ ತಾಳ ಅವರ ಕೈಯಲ್ಲೇ ಇರಬೇಕು. ನೀವು ಅವರನ್ನು ಕರೆದೊಯ್ಯುವಾಗ ಬಟ್ಟೆ, ಔಷಧ, ಆಧಾರ್ ಕಾರ್ಡು ಚೀಲಕ್ಕೆ ಹಾಕುತ್ತೀರಿ, ಇದೆಲ್ಲ ಇಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆಯ ಹಿರಿಯರು ‘ಬರುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ಬರ್ತೀವಿ ಬಿಡಪಾ, ಈ ಸುಗ್ಗಿ ಒಂದ ಮುಗೀಲಿ’ ಎನ್ನುತ್ತಾರೆ. ಸುಗ್ಗಿ ಮುಗಿದರೆ ಕಾರಹುಣ್ಣಿಮೆ, ಅದು ಮುಗಿದರೆ ಶ್ರಾವಣ, ಆಮೇಲೆ ಶೀಗೆಹುಣ್ಣಿಮೆಯ ಚರಗ, ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ. ಇದನ್ನು ನೀವು ಒಪ್ಪಿಗೆ ಎಂದು ತಿಳಿದು ಟಿಕೆಟ್ ತೆಗೆಸುತ್ತೀರಿ. ಕೊನೆಗೆ ಒತ್ತಾಯ ಹೆಚ್ಚಾದರೆ ‘ನಿಮ್ಮ ಮನಸ್ಸಿಗೆ ಹೆಂಗ ಬರ್ತದ ಹಂಗ ಮಾಡ್ರಿ’ ಎಂದುಬಿಡುತ್ತಾರೆ. ಆ ಮಾತು ಹೇಳುವಾಗ ಅವರ ಮುಖ ನೋಡಿ. ಹೌದು ಎನ್ನುವವರ ಮುಖ ಹಾಗಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಮೊದಲು ಹತ್ತಿರದ ಊರು ನೋಡಿ. ಎಲ್ಲರ ಕಣ್ಣೂ ಬೆಂಗಳೂರಿನ ಮೇಲೆಯೇ ಯಾಕೆ? ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರ್. ಬೈಲಹೊಂಗಲದಿಂದ ಬೆಳಗಾವಿಗೂ ಧಾರವಾಡಕ್ಕೂ ಹೆಚ್ಚುಕಡಿಮೆ ಅಷ್ಟೇ ದಾರಿ. ಕಿತ್ತೂರಿನವರಿಗೆ ಹೆದ್ದಾರಿಯೇ ಮನೆಯ ಮುಂದೆ. ಧಾರವಾಡ, ಬೆಳಗಾವಿಗಳಲ್ಲಿ ಆಸ್ಪತ್ರೆಯಿದೆ, ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಧಾರವಾಡದಿಂದ ದೂರವಿಲ್ಲ, ಮರೆವಿನ ಕಾಯಿಲೆ ಶುರುವಾದವರಿಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಕಾಯಿಪಲ್ಯ ಮಾರುವವಳ ಮಾತು ಅವ್ವನಿಗೆ ತಿಳಿಯುತ್ತದೆ, ಅವ್ವನ ಮಾತು ಅವಳಿಗೆ ತಿಳಿಯುತ್ತದೆ. ಊರಿನಲ್ಲಿ ಯಾರದಾದರೂ ಮದುವೆ, ಮಣ್ಣು, ತೊಟ್ಟಿಲು ಎಂದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಅವ್ವಂದಿರಿಗೆ ಇದು ಇನ್ನಷ್ಟು ಸಲೀಸಾಗಿದೆ. ಆಧಾರ್ ಕಾರ್ಡ್ ತೋರಿಸಿ ಕೆಂಪು ಬಸ್ಸು ಹತ್ತಿದರೆ ಮಗನ ಕೈ ನೋಡಬೇಕಾಗಿಲ್ಲ. ಹಳೆಯ ಊರಿಗೆ ಬೇಕೆಂದಾಗ ಹೋಗಿ ಬರಬಹುದು ಎಂಬ ಧೈರ್ಯವೊಂದಿದ್ದರೆ ಹೊಸ ಊರಿನಲ್ಲಿ ಜೀವ ನಿಲ್ಲುತ್ತದೆ. ಹಾಗೆ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆ ಬಾಡಿಗೆಯದಾದರೂ ಚಿಂತೆಯಿಲ್ಲ, ನೆಲಮಟ್ಟದ್ದಿರಲಿ. ಮುಂದೆ ಕೂರಲು ಒಂದು ಕಟ್ಟೆಯೋ ಮೆಟ್ಟಿಲೋ ಇರಲಿ, ಬೀದಿ ಕಾಣಲಿ. ಬಚ್ಚಲಿನ ನೆಲ ಜಾರದಂತಿರಲಿ, ಕಮೋಡಿನ ಪಕ್ಕ ಗೋಡೆಗೆ ಒಂದು ಹಿಡಿಕೆ ಹಾಕಿಸಿ. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಮುದಿ ಎಲುಬು ಮುರಿಯುವುದುಂಟು. ಮೊದಲ ಸಲ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಎಂದು ಕರೆತನ್ನಿ, ಮಾತು ಕೊಟ್ಟಂತೆ ಊರಿಗೆ ಮರಳಿ ಬಿಟ್ಟು ಬನ್ನಿ. ಆ ಮಾತು ಉಳಿಸಿಕೊಂಡರೆ ಎರಡನೆಯ ಸಲ ತಾವೇ ಚೀಲ ಕಟ್ಟುತ್ತಾರೆ. ಮನೆದೇವರ ಜಗಲಿಗೆ ಯಾವ ಮೂಲೆ ಎಂದು ಅವ್ವನೇ ಹೇಳಲಿ. ಯಾವ ತಿಂಗಳು, ಯಾವ ವಾರ ಎಂಬುದರಲ್ಲೂ ಅವರ ಮಾತು ನಡೆಯಲಿ. ಆಷಾಢದಲ್ಲಿ ಬೇಡ ಎಂದರೆ ಬೇಡ. ನಿಮ್ಮ ರಜೆಯ ಲೆಕ್ಕಕ್ಕೆ ಅವರ ನಂಬಿಕೆಯನ್ನು ಬಗ್ಗಿಸಬೇಡಿ.

ಧಾರವಾಡದಲ್ಲಿ ನನಗೆ ಪರಿಚಯದ ಒಬ್ಬ ತಾಯಿ ಇದ್ದಾರೆ. ರಾಮದುರ್ಗ ತಾಲ್ಲೂಕಿನವರು, 2019ರಲ್ಲಿ ಮನೆ ಬಿದ್ದ ಮೇಲೆ ಮಗನ ಜೊತೆ ಬಂದವರು. ಮೊದಲ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ. ಆ ಓಣಿಯಲ್ಲಿ ಓದುವ ಹುಡುಗರ ಖೋಲಿಗಳು ಬಹಳ. ಒಂದು ದಿನ ಪಕ್ಕದ ಖೋಲಿಯ ಹುಡುಗನಿಗೆ ಜ್ವರ ಬಂತೆಂದು ಈಕೆ ಎರಡು ರೊಟ್ಟಿ, ಹೆಸರುಬೇಳೆ ಪಲ್ಯ ಕೊಟ್ಟರು. ಮರುವಾರ ಅವನ ಗೆಳೆಯರು ರೊಕ್ಕ ಹಿಡಿದು ಬಂದರು. ಈಗ ಬೆಳಿಗ್ಗೆ ಆರಕ್ಕೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ‘ಅವ್ವ ರೊಟ್ಟಿ ಮಾರತಾಳ ಅಂದ್ರ ಮಂದಿ ಏನಂತಾರ್ರಿ ಅಕ್ಕೋರ’ ಎಂದು ಮಗ ನನ್ನ ಬಳಿ ದುಃಖ ತೋಡಿಕೊಂಡರು. ಒಳಗಿನಿಂದ ಆ ತಾಯಿಯೇ ಉತ್ತರ ಕೊಟ್ಟರು: ‘ನಾ ಕುಂತ ಉಣ್ಣಾಕ ಬಂದೀನೇನ? ಆ ಹುಡುಗೂರಿಗೆ ಯಾರದಾರ?’ ಹಿಟ್ಟು ಹತ್ತಿದ ಕೈಯಿಂದಲೇ ಹೊರಗೆ ಬಂದು, ಬಾಗಿಲಲ್ಲಿ ನಿಂತ ಒಬ್ಬ ಹುಡುಗನಿಗೆ, ನಿನ್ನೆ ಯಾಕೆ ಬರಲಿಲ್ಲ ಎಂದು ಗದರಿದರು. ಆ ಗದರಿಕೆ ಕೇಳಿದ ಮೇಲೆ ನನಗೆ ಆಕೆಯ ಬಗ್ಗೆ ಚಿಂತೆ ಉಳಿಯಲಿಲ್ಲ. ಮಗನಿಗೂ ಅದನ್ನೇ ಹೇಳಿದೆ: ನಿಮ್ಮ ಅವ್ವನಿಗೆ ಹಗಲು ಸಿಕ್ಕಿದೆ, ಅದನ್ನು ಮರ್ಯಾದೆಯ ಹೆಸರಿನಲ್ಲಿ ಕಸಿಯಬೇಡಿ.

ಈಗ ನಿಷ್ಠುರದ ಎರಡು ಮಾತು. ಅಪ್ಪನನ್ನು ಹಿರಿಯ ಮಗ, ಅವ್ವನನ್ನು ಕಿರಿಯ ಮಗ ಎಂದು ಹಂಚಿಕೊಳ್ಳುವುದು ನಮ್ಮಲ್ಲಿ ರೂಢಿಯಾಗುತ್ತಿದೆ. ಐವತ್ತು ವರ್ಷ ಒಂದೇ ಒಲೆಯ ಮುಂದೆ ಉಂಡವರು ಒಬ್ಬರು ಪುಣೆಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ. ಫೋನಿನಲ್ಲಿ ‘ಗುಳಿಗಿ ತಗೊಂಡ್ಯಾ?’ ಎಂದು ಕೇಳಿಕೊಳ್ಳುತ್ತಾರೆ. ಖರ್ಚು ಹಂಚಿಕೊಳ್ಳಿ, ಜವಾಬ್ದಾರಿ ಹಂಚಿಕೊಳ್ಳಿ, ಗಂಡ-ಹೆಂಡತಿಯನ್ನು ಹಂಚಬೇಡಿ. ತಿಂಗಳ ಪಾಳಿ ಹಚ್ಚಿ ಮನೆಯಿಂದ ಮನೆಗೆ ಸಾಗಿಸುವುದೂ ಬೇಡ. ಆ ವಯಸ್ಸಿನಲ್ಲಿ ದೀಪದ ಗುಂಡಿ ಎಲ್ಲಿದೆ ಎಂದು ಕೈಗೆ ರೂಢಿಯಾಗುವಷ್ಟರಲ್ಲಿ ಪಾಳಿ ಮುಗಿದಿರುತ್ತದೆ.

ಎರಡನೆಯದು, ಹೆಣ್ಣುಮಕ್ಕಳ ಮಾತು. ಕಟ್ಟೆಯ ಮೇಲೆ ಗಂಡುಮಕ್ಕಳು ಕೂತು ತೀರ್ಮಾನ ಮಾಡುವಾಗ ಅಕ್ಕ-ತಂಗಿಯರು ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ. ಅವ್ವನಿಗೆ ಯಾವ ಗುಳಿಗೆ ಹೊಂದುವುದಿಲ್ಲ, ಅಪ್ಪ ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದು ಗೊತ್ತಿರುವುದು ಅವರಿಗೇ. ನಮ್ಮ ರಾಜ್ಯದಲ್ಲಿ 1994ರಿಂದಲೇ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕಿದೆ. ಆಸ್ತಿಯಲ್ಲಿ ಹಕ್ಕಿದ್ದವಳಿಗೆ ಈ ಮಾತಿನಲ್ಲೂ ಹಕ್ಕಿದೆ. ಹಾಗೆಯೇ ಮಗಳ ಮನೆಯಲ್ಲಿ ಉಳಿದರೆ ಕೀಳು ಎಂಬ ಭಾವನೆಯನ್ನು ನೀವಾದರೂ ಬಿಡಿಸಬೇಕು. ನನ್ನ ಅವ್ವ ಕೊನೆಯ ವರ್ಷಗಳನ್ನು ಬೈಲಹೊಂಗಲದಲ್ಲಿ ನನ್ನ ಮನೆಯಲ್ಲಿ ಕಳೆದರು. ಮೊದಮೊದಲು ‘ಮಗಳ ಮನಿ ಕೂಳು’ ಎಂದು ತಟ್ಟೆಯ ಮುಂದೆ ಕೂರಲೂ ಸಂಕೋಚಪಡುತ್ತಿದ್ದರು. ಓಣಿಯ ಹೆಂಗಸರಿಗೆ ಕೌದಿ ಹೊಲಿದುಕೊಡಲು ಶುರುಮಾಡಿದ ಮೇಲೆ ಆ ಸಂಕೋಚ ಹೋಯಿತು. ಹಳೆಯ ಸೀರೆಗಳ ಗಂಟು ಹೊತ್ತು ‘ಅಜ್ಜೀ’ ಎಂದು ಯಾರಾದರೂ ಬಾಗಿಲಿಗೆ ಬಂದರೆ ಅವರ ಕಣ್ಣು ಬದಲಾಗುತ್ತಿತ್ತು.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದಾಗ, ಉತಾರದಲ್ಲಿ ಇನ್ನೂ ಸತ್ತ ಅಜ್ಜನ ಹೆಸರೇ ಇದ್ದ ಮನೆಗಳವರು ಪಟ್ಟ ಪಾಡನ್ನು ನಾನು ಅರ್ಜಿ ಬರೆದುಕೊಡುತ್ತ ಕಂಡೆ. ಒಂದೇ ಮಾಳಿಗೆಯ ಕೆಳಗೆ ಮೂವರು ಅಣ್ಣ-ತಮ್ಮಂದಿರ ಮೂರು ಒಲೆ, ಪಂಚಾಯಿತಿಯ ದಾಖಲೆಯಲ್ಲಿ ಮನೆ ನಂಬರ್ ಒಂದೇ. ಆದ್ದರಿಂದ ಹಿರಿಯರು ಊರಿನಲ್ಲಿರುವಾಗಲೇ ವಾರಸಾ ಹಚ್ಚಿಸಿ, ಇ-ಸ್ವತ್ತು ಮಾಡಿಸಿ. ಆದರೆ ಊರು ಬಿಡಿಸುವ ಗಡಿಬಿಡಿಯಲ್ಲಿ ಮನೆ, ಹೊಲವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಡಿ. ಅವರೇ ಮನಸ್ಸುಮಾಡಿ ಕೊಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಆ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆ ಷರತ್ತು ಮುರಿದರೆ ಕೊಟ್ಟ ಆಸ್ತಿಯನ್ನು ಅವರು ಮರಳಿ ಪಡೆಯಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಒಂದು ತೀರ್ಪಿನಲ್ಲಿ ಹೇಳಿದೆ. ನಮ್ಮ ಭಾಗದ ಉಪವಿಭಾಗಾಧಿಕಾರಿ ಕಚೇರಿ ಬೈಲಹೊಂಗಲದಲ್ಲೇ ಇದೆ, ತಂದೆ-ತಾಯಿ ತಾವೇ ಅಲ್ಲಿ ಅರ್ಜಿ ಕೊಡಬಹುದು. ಪ್ರಾಮಾಣಿಕ ಮಗನಿಗೆ ಈ ಷರತ್ತು ಭಾರವಾಗುವುದಿಲ್ಲ.

ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ನಿಮಗೆ ಸಣ್ಣದು. ಅವ್ವನಿಗೆ ಅದು ಮೊಮ್ಮಗನ ಕೈಯಲ್ಲಿ ನೋಟು ಇಡುವ ಸಂತೋಷ. ಬ್ಯಾಂಕ್ ಖಾತೆ, ಪಾಸ್‌ಬುಕ್ ಅವರ ಬಳಿಯೇ ಇರಲಿ. ಮತದಾರರ ಪಟ್ಟಿಯಲ್ಲಿ ಅವರ ಹೆಸರನ್ನು ಊರಿನಿಂದ ತೆಗೆಸುವ ಮೊದಲು ಅವರನ್ನು ಕೇಳಿ. ಪಂಚಾಯಿತಿ ಚುನಾವಣೆಯ ದಿನ ಊರಿಗೆ ಹೋಗಿ ಎಲ್ಲರನ್ನೂ ಮಾತಾಡಿಸಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ಅವರಿಗೆ ಒಂದು ಹಬ್ಬ.

ಇನ್ನು ಆ ಮನೆ. ಬೀಗ ಹಾಕಿಟ್ಟ ಮಾಳಿಗೆ ಮನೆ ಬಹಳ ಕಾಲ ಬಾಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಏರಿಸಿ ತುಳಿದು ಗಟ್ಟಿ ಮಾಡಬೇಕು, ನೀರು ಹೋಗುವ ದೋಣಿ ಬಿಡಿಸಬೇಕು. ಒಲೆಯ ಹೊಗೆ ಆಡುತ್ತಿದ್ದರೆ ತೊಲೆ, ಜಂತಿಗಳಿಗೆ ಗೆದ್ದಲು ಹತ್ತುವುದು ಕಡಿಮೆ. ಒಲೆ ಆರಿದ ಮನೆಯನ್ನು ಗೆದ್ದಲು ಒಳಗಿನಿಂದ, ಮಳೆ ಮೇಲಿನಿಂದ ತಿನ್ನುತ್ತವೆ. ಹತ್ತಿರದ ಸಂಬಂಧಿಗೋ, ಊರಿನ ಶಾಲೆಗೆ ಬಂದ ಮಾಸ್ತರರಿಗೋ ಇರಲು ಕೊಡಿ, ಒಂದು ಖೋಲಿ ಮಾತ್ರ ಅಪ್ಪ-ಅವ್ವನಿಗೆಂದು ಉಳಿಸಿಕೊಳ್ಳಿ. ಬಾಡಿಗೆ ಬಾರದಿದ್ದರೂ ಪರವಾಗಿಲ್ಲ, ದೀಪ ಹಚ್ಚಿದರೆ ಸಾಕು. ಕೆತ್ತನೆಯ ತಲೆಬಾಗಿಲಿಗೆ, ಸಾಗವಾನಿ ಕಂಬಕ್ಕೆ ಗಿರಾಕಿಗಳು ಬರುತ್ತಾರೆ. ಅಪ್ಪ ಬದುಕಿರುವವರೆಗೆ ಆ ಬಾಗಿಲು ಕೀಳಿಸಬೇಡಿ.

ಎಲ್ಲಕ್ಕಿಂತ ಕಷ್ಟದ್ದು ದನ ಕಳಿಸುವುದು. ಮನೆಯಲ್ಲಿ ಒಂದೇ ಒಂದು ಮುದಿ ಆಕಳು ಉಳಿದಿರಬಹುದು, ಹಾಲು ಬತ್ತಿರಬಹುದು. ಅದನ್ನು ಸಂತೆಗೆ ಹೊಡೆಯಬೇಡಿ. ಊರಿನಲ್ಲೇ ಮೇವು ಹಾಕುವ ಮನೆಯೊಂದಕ್ಕೆ ಕೊಡಿ, ಮೇವಿನ ಖರ್ಚು ನೀವು ಕೊಡಿ. ‘ಆಕಳ ಹೆಂಗೈತಿ?’ ಎಂದು ಫೋನ್ ಮಾಡಿ ಕೇಳಲು ಅಪ್ಪನಿಗೆ ಒಂದು ಜಾಗ ಇರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಅವರನ್ನು ಪ್ರತಿ ವರ್ಷ ಹೊಲಕ್ಕೆ ಕರೆತನ್ನಿ. ನಿಮ್ಮ ಮಕ್ಕಳನ್ನೂ ತನ್ನಿ.

ಎಲ್ಲ ಕೇಳಿ, ಎಲ್ಲ ತೋರಿಸಿದ ಮೇಲೂ ಅವರು ಬರುವುದಿಲ್ಲ ಎಂದರೆ ಅದನ್ನು ಹಟ ಎಂದು ಕರೆಯಬೇಡಿ. ಬಾಡಿಗೆಗೆ ಕೊಡುತ್ತಿದ್ದ ಹಣದಲ್ಲಿ ಮನೆಯೊಳಗೇ ಪಾಯಿಖಾನೆ ಕಟ್ಟಿಸಿ, ಹಿತ್ತಲಿಗೆ ದೀಪ ಹಾಕಿಸಿ, ಓಣಿಯ ಒಬ್ಬ ಹೆಣ್ಣುಮಗಳಿಗೆ ಸಂಬಳ ಗೊತ್ತುಮಾಡಿ ಬೆಳಿಗ್ಗೆ ಸಂಜೆ ನೋಡಿ ಬರುವಂತೆ ಮಾಡಿ. ತಾಲ್ಲೂಕಿನ ಒಬ್ಬ ಡಾಕ್ಟರ ಪರಿಚಯ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಬನ್ನಿ. ಅದೂ ನೋಡಿಕೊಳ್ಳುವುದೇ.

ಆದರೆ ಹೊಳೆಯ ದಂಡೆಯ ಊರುಗಳ ಮಕ್ಕಳೇ, ಮುನವಳ್ಳಿಯಿಂದ ಕೆಳಗೆ ರಾಮದುರ್ಗದ ಕೊನೆಯವರೆಗಿನವರೇ, ನಿಮಗೆ ಇಷ್ಟು ಪುರಸೊತ್ತು ಇಲ್ಲ. ಹತ್ತು ವರ್ಷಗಳಲ್ಲಿ ಎರಡು ಸಲ ನೆನೆದ ಗೋಡೆಗಳು ಅವು. ನಿಮ್ಮ ಅಪ್ಪ-ಅವ್ವ ಊರು ಬಿಡದಿದ್ದರೂ ಆ ಗೋಡೆಯ ನೆರಳು ಬಿಡಬೇಕು. ಆಸರೆಯ ಮನೆ ನಿಮ್ಮ ಹೆಸರಿನಲ್ಲಿದ್ದು ಬೀಗ ಬಿದ್ದಿದ್ದರೆ ಅದನ್ನು ತೆರೆಯಿರಿ. ಪಕ್ಕದಲ್ಲಿ ತಗಡಿನ ಕೊಟ್ಟಿಗೆಯೊಂದನ್ನು ಇಳಿಸಿ, ಕಣಿಕೆಗೆ ಜಾಗ ಮಾಡಿ, ಮುಂದೆ ಒಂದು ಕಟ್ಟೆ ಕಟ್ಟಿಸಿ, ಹೊಲಕ್ಕೆ ಹೋಗಿ ಬರಲು ಅಪ್ಪನಿಗೆ ಯಾರದಾದರೂ ಬೈಕಿನ ವ್ಯವಸ್ಥೆ ಮಾಡಿ. ಓಣಿಯ ನಾಲ್ಕು ಮನೆಯವರು ಒಟ್ಟಿಗೆ ಹೋಗುವಂತೆ ಮಾತಾಡಿ, ಒಂಟಿಯಾಗಿ ಕಳಿಸಬೇಡಿ. 2019ರ ನೀರು ಬಂದದ್ದು ಆಗಸ್ಟಿನ ಮೊದಲ ವಾರಗಳಲ್ಲಿ. ಈ ಸೂಟಿಯಲ್ಲೇ ಕೂತು ಮಾತಾಡಿ, ಅಕ್ಕ-ತಂಗಿಯರನ್ನೂ ಕೂರಿಸಿಕೊಂಡು, ಅಪ್ಪ-ಅವ್ವನ ಬಾಯಿಂದಲೇ ಕೇಳಿ. ಮೃಗಶಿರ ಮಳೆ ಹತ್ತುವುದರೊಳಗೆ ತಗಡು ಏರಿರಲಿ. ಅರ್ಜಿ, ಉತಾರ ಏನಾದರೂ ಓದಿ ಹೇಳುವುದು, ಬರೆದುಕೊಡುವುದು ಇದ್ದರೆ ಬೈಲಹೊಂಗಲಕ್ಕೆ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ.

ನಿಮ್ಮ,
ಬೈಲಹೊಂಗಲದ ಸಾಲಿ ಅಕ್ಕೋರು